ಎಡಗೈ ಬಳಕೆ ಹುಟ್ಟಿನಿಂದ ಬಂದದ್ದೇ, ನೋಡಿ ಕಲಿತದ್ದೇ?

ನಾಲ್ಕು ವರ್ಷದ ಮಗಳು ಬಳಪವನ್ನು ಎಡಗೈಯಲ್ಲೇ ಹಿಡಿಯುತ್ತಾಳೆ, ಮನೆಯಲ್ಲಿ ಬೇರೆ ಯಾರೂ ಎಡಚರಿಲ್ಲ, ಯಾರನ್ನೋ ನೋಡಿ ಕಲಿತಿದ್ದಾಳೆ, ಈಗಲೇ ಬಿಡಿಸಿ ಎಂದು ಅತ್ತೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಮನೆಯಲ್ಲಿ ಎಡಚರೇ ಇಲ್ಲದಿದ್ದರೆ ಯಾರನ್ನು ನೋಡಿ ಕಲಿತಳು ಎಂದು ಅವರನ್ನೇ ಕೇಳಬಹುದಿತ್ತು. ಸೊಸೆಯಾಗಿ ಕೇಳುವುದು ಕಷ್ಟ, ಒಪ್ಪುತ್ತೇನೆ.

ಕೈಯ ಒಲವು ಹುಟ್ಟುವ ಮೊದಲೇ ಇರುತ್ತದೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಸಂಶೋಧಕ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು ಗರ್ಭದಲ್ಲಿರುವ ಶಿಶುಗಳು ಯಾವ ಹೆಬ್ಬೆರಳು ಚೀಪುತ್ತವೆ ಎಂದು ಸ್ಕ್ಯಾನಿಂಗ್‌ನಲ್ಲಿ ಗುರುತು ಹಾಕಿಕೊಂಡು, ಅದೇ ಮಕ್ಕಳು 10–12 ವರ್ಷದವರಾದಾಗ ಮತ್ತೆ ನೋಡಿದರು. 2005ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಬಲ ಹೆಬ್ಬೆರಳು ಚೀಪುತ್ತಿದ್ದ 60 ಮಕ್ಕಳೂ ಬಲಗೈಯವರೇ ಆಗಿದ್ದರು, ಎಡ ಹೆಬ್ಬೆರಳಿನ 15 ಮಕ್ಕಳಲ್ಲಿ 10 ಮಂದಿ ಎಡಚರು, ಉಳಿದ ಐವರು ಬಲಗೈಯವರು. ಗರ್ಭದಲ್ಲಿ ನೋಡಿ ಕಲಿಯಲು ಯಾರಿದ್ದಾರೆ?

ಹಾಗೆಂದು ಇದು ವಂಶದಿಂದಲೇ ಬರಬೇಕೆಂದೂ ಇಲ್ಲ. ಹುಟ್ಟಿನಿಂದ ಬಂದದ್ದೆಲ್ಲ ಅಪ್ಪ ಅಮ್ಮನಿಂದ ಬಂದದ್ದು ಎಂದು ನಾವು ಸುಲಭವಾಗಿ ತಿಳಿದುಬಿಡುತ್ತೇವೆ. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಈ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಸುಮಾರು ಕಾಲುಭಾಗ. ರೂಪದಲ್ಲಿ ಒಂದೇ ಅಚ್ಚಿನಂತಿರುವ ಅವಳಿಗಳಲ್ಲೂ ಒಬ್ಬರು ಎಡ, ಇನ್ನೊಬ್ಬರು ಬಲ ಆಗಿರುವುದುಂಟು. ಎಡಚತನಕ್ಕೆಂದೇ ಒಂದು ವಂಶವಾಹಿಯೂ ಇಲ್ಲ; 17 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದ 2021ರ ಅಧ್ಯಯನದಲ್ಲಿ ವಂಶವಾಹಿಗಳ ಸರಣಿಯಲ್ಲಿ ಎಡಗೈಗೆ ನಂಟಿರುವ 41 ತಾಣಗಳು ಸಿಕ್ಕವು, ಒಂದೊಂದರ ಪ್ರಭಾವವೂ ತೀರಾ ಸಣ್ಣದು. ಮಿದುಳು ರೂಪುಗೊಳ್ಳುವಾಗಿನ ಆಕಸ್ಮಿಕಗಳಿಗೂ ದೊಡ್ಡ ಪಾಲಿದೆ. ಪ್ರಪಂಚದಲ್ಲಿ ಹತ್ತರಲ್ಲಿ ಒಬ್ಬರು ಎಡಚರು, ಅವರಲ್ಲಿ ಹೆಚ್ಚಿನವರ ತಂದೆ ತಾಯಿ ಇಬ್ಬರೂ ಬಲಗೈಯವರೇ. ನಿಮ್ಮ ಮನೆಯದು ವಿಶೇಷವೇನಲ್ಲ.

ಕಲಿಕೆಯ ಪಾಲು ಬೇರೆ ಕಡೆ ಇದೆ. ನಾನು ಚಿಂತಾಮಣಿ ಸೀಮೆಯ ಎಡಚ. ನಮ್ಮ ಮನೆಯಲ್ಲಿ ಬಲಗೈಗೆ ವರ್ಗವಾದದ್ದು ಎರಡೇ ಕೆಲಸ, ಊಟ ಮತ್ತು ಬರವಣಿಗೆ. ಅಜ್ಜಿ ಎದುರು ಕುಳಿತು, ಎಡಗೈಯನ್ನು ಬೆನ್ನ ಹಿಂದೆ ಇಡಿಸಿ, ಬಲಗೈಯಲ್ಲಿ ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದುವುದನ್ನು ಕಲಿಸಿದರು. ಕಲಿತೆ. ಆದರೆ ರಾಗಿ ಕೊಯ್ಲಿನಲ್ಲಿ ಕುಡುಗೋಲು ಎಡಗೈಗೇ ಬಂತು. ಬಲಗೈಯವರಿಗೆಂದು ಒಂದೇ ಮಗ್ಗುಲಿಗೆ ಹಲ್ಲು ಕಡಿದ ಕುಡುಗೋಲು ನನ್ನ ಕೈಯಲ್ಲಿ ಕಡ್ಡಿಯನ್ನು ಕೊಯ್ಯದೆ ಜಾರುತ್ತಿತ್ತು. ಅಪ್ಪ ಕುಲುಮೆಗೆ ಹೋಗಿ ಇನ್ನೊಂದು ಮಗ್ಗುಲಿಗೆ ಹಲ್ಲು ಕಡಿಸಿಕೊಂಡು ಬಂದರು. ಕೊಯ್ಲಿನ ಸಾಲಿನಲ್ಲಿ ನನ್ನನ್ನು ತುದಿಗೆ ನಿಲ್ಲಿಸುತ್ತಿದ್ದರು, ನಡುವೆ ನಿಂತರೆ ಪಕ್ಕದವರ ಕೈಗೂ ನನ್ನ ಕೈಗೂ ತಾಕಲಾಟ. ಇಂದಿಗೂ ಸೂಜಿ, ಸುತ್ತಿಗೆ, ಬಾಗಿಲ ಚಿಲಕ ಎಲ್ಲವೂ ಎಡಗೈಯವೇ. ಒಂದೊಂದು ಕೆಲಸವನ್ನು ಹಟ ಹಿಡಿದು ಬಲಕ್ಕೆ ಸಾಗಿಸಬಹುದು, ಕೈಯ ಒಲವು ಇದ್ದಲ್ಲೇ ಇರುತ್ತದೆ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟ್ ಬೀಸಿದ್ದು ಬಲಗೈಯವರಂತೆ. ಸೌರವ್ ಗಂಗೂಲಿಯದು ಇದರ ತದ್ವಿರುದ್ಧ.

ಆದ್ದರಿಂದ ಬರವಣಿಗೆಯನ್ನು ಬಿಡಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಊಟದ ವಿಷಯದಲ್ಲಿ ಅತ್ತೆಯವರೊಡನೆ ಜಗಳ ಬೇಡವೆನಿಸಿದರೆ ಅಷ್ಟನ್ನು ಬಲಗೈಗೆ ಕಲಿಸಿ, ಹೊಡೆತ ಬೈಗುಳ ಇಲ್ಲದೆ. ಕನ್ನಡ ಎಡದಿಂದ ಬಲಕ್ಕೆ ಸಾಗುವುದರಿಂದ ಎಡಗೈ ಆಗಷ್ಟೇ ಬರೆದ ಅಕ್ಷರದ ಮೇಲೆಯೇ ಹಾಯುತ್ತದೆ. ಪುಸ್ತಕದ ಮೇಲಂಚನ್ನು ತುಸು ಬಲಕ್ಕೆ ಓರೆ ಮಾಡಿ, ಪೆನ್ಸಿಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಸಿ; ಮಣಿಕಟ್ಟು ಕೊಕ್ಕೆಯಂತೆ ಬಾಗುವುದು ತಪ್ಪುತ್ತದೆ.

ಹತ್ತು ತಿಂಗಳ ಮಗನೂ ಎಡಗೈಯನ್ನೇ ಚಾಚುತ್ತಾನೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ. ಆ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಎರಡೂ ಕೈಗಳನ್ನು ಬಳಸುತ್ತಾರೆ, ಒಲವು ಗಟ್ಟಿಯಾಗುವುದು ಆಮೇಲೆ. ಬಲಭಾಗದಲ್ಲಿ ಆಟಿಕೆ ಇಟ್ಟರೂ ಎಡಗೈಯನ್ನೇ ಅತ್ತ ತರುತ್ತಾನೆಯೇ, ಬಲ ಮುಷ್ಟಿ ಸದಾ ಮುಚ್ಚಿರುತ್ತದೆಯೇ ಗಮನಿಸಿ. ಹಾಗಿದ್ದರೆ ಅದು ಎಡಚತನವಲ್ಲದೆ ಬಲಗೈಯ ದೌರ್ಬಲ್ಯವೂ ಆಗಿರಬಹುದು. ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ.