ಎರಡನೇ ಮಹಾಯುದ್ಧದ ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಪೈಲಟ್‌ನ ಲಾಗ್ ಬುಕ್, ಅಂದರೆ ಹಾರಾಟಗಳ ದಾಖಲೆ ಪುಸ್ತಕ, ಸಿಕ್ಕಿದೆ. ಆತನ ಸೇವೆಯ ವಿವರ ಹುಡುಕುವುದು ಹೇಗೆ?

ಮೊದಲು ತಿಂಗಳ ಕೊನೆಯ ಒಟ್ಟು ಲೆಕ್ಕದ ಸಾಲುಗಳನ್ನು ನೋಡಿ. ಅಲ್ಲಿ ಸ್ಕ್ವಾಡ್ರನ್‌ನ (ವಾಯುಪಡೆಯ ಘಟಕ) ಹೆಸರು, ಹಾರಾಟದ ಗಂಟೆಗಳು, ಮೇಲಧಿಕಾರಿಯ ಸಹಿ ಇರುತ್ತವೆ. ಅಷ್ಟರಿಂದಲೇ ಯಾವ ತಿಂಗಳು ಯಾವ ಘಟಕ ಎಂಬ ಪಟ್ಟಿ ಮಾಡಿಕೊಳ್ಳಬಹುದು.

ಆಮೇಲೆ ಲಂಡನ್‌ನ ಕ್ಯೂ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ 'ಏರ್ 27' ಸರಣಿ. ಸ್ಕ್ವಾಡ್ರನ್‌ಗಳ ದಿನಚರಿ ಇರುವುದು ಅಲ್ಲೇ. ಪೈಲಟ್ ಹೆಸರು ಹಾಕಿ ಹುಡುಕಿದರೆ ಬಹುತೇಕ ಏನೂ ಸಿಗದು. ಸ್ಕ್ವಾಡ್ರನ್ ಸಂಖ್ಯೆ ಮತ್ತು ತಿಂಗಳು ಹಾಕಿ. ಆ ದಿನಚರಿಯ ಫಾರ್ಮ್ 540ರಲ್ಲಿ ದಿನದ ಸಾರಾಂಶ, 541ರಲ್ಲಿ ವಿಮಾನ, ಸಿಬ್ಬಂದಿ, ಹೊರಟ-ಇಳಿದ ಸಮಯ. ತರಬೇತಿ ಘಟಕಗಳಿಗೆ 'ಏರ್ 29' ನೋಡಿ, ಆದರೆ ಅವುಗಳಲ್ಲಿ ಒಬ್ಬೊಬ್ಬರ ಹಾರಾಟದ ವಿವರ ಅಪರೂಪ.

ಎಡವುವುದು ಎರಡು ಕಡೆ. ರಾತ್ರಿ ಹೊರಟು ಬೆಳಗಿನ ಜಾವ ಇಳಿದಿದ್ದರೆ ಲಾಗ್ ಬುಕ್ ಮತ್ತು ಸ್ಕ್ವಾಡ್ರನ್ ದಿನಚರಿಯ ತಾರೀಖು ಒಂದು ದಿನ ಆಚೀಚೆ ಆಗಬಹುದು. ಇನ್ನೊಂದು ವಿಮಾನದ ಸಂಖ್ಯೆ: 'ಇಡಿ 888'ರಂಥದ್ದರಲ್ಲಿ 8ನ್ನು 3 ಎಂದು ಓದಿದರೆ ಬೇರೆಯದೇ ವಿಮಾನದ ಬೆನ್ನುಹತ್ತುತ್ತೀರಿ. ಕೆಲವರು ಸಂಖ್ಯೆಯನ್ನೇ ಬರೆಯದೆ ಬರೀ 'ಜಿ' ಎಂದು ಗುರುತಿನ ಅಕ್ಷರ ಗೀಚಿರುತ್ತಾರೆ. ಆಗ ಫಾರ್ಮ್ 541 ಒಂದೇ ಗತಿ.

ಲಾಗ್ ಬುಕ್‌ನ ಷರಾ ಅಂಕಣದ 'ಡಿಸಿಒ' ಎಂದರೆ ವಹಿಸಿದ ಕೆಲಸ ಮುಗಿಯಿತು, 'ಡಿಎನ್‌ಸಿಒ' ಎಂದರೆ ಆಗಲಿಲ್ಲ. ಕೆಂಪು ಶಾಯಿ ಸಾಮಾನ್ಯವಾಗಿ ರಾತ್ರಿ ಹಾರಾಟಕ್ಕೆ. ಹಾಗಾಗಿ ಕಪ್ಪು-ಬಿಳುಪು ಜೆರಾಕ್ಸ್ ಬೇಡ, ಬಣ್ಣದಲ್ಲೇ ಫೋಟೋ ತೆಗೆಯಿರಿ. ಹರಿದ ಹಾಳೆಗೆ ಸೆಲ್ಲೋ ಟೇಪ್ ಅಂತೂ ಬೇಡವೇ ಬೇಡ.