ಸ್ಕೇಪಿ ಯಾಕೆ ತೆವಳುತ್ತದೆ?

ಪ್ರಶ್ನೆ: ಮೇಡಂ, ಕಾಲೇಜು ಲ್ಯಾಬ್‌ನಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ ಪರೀಕ್ಷಿಸಲು ಸ್ಕೇಪಿಯಿಂದ (ಪ್ಯಾಕೆಟ್ ಕಟ್ಟಿ ಕಳಿಸುವ ಪೈಥಾನ್ ಲೈಬ್ರರಿ) ಸೆಕೆಂಡಿಗೆ 1,000 ಯುಡಿಪಿ ಪ್ಯಾಕೆಟ್ ಕಳಿಸಬೇಕು. ಫಾರ್ ಲೂಪ್ ಒಳಗೆ ಸೆಂಡ್ ಬರೆದು ಇಂಟರ್ (ಪ್ಯಾಕೆಟ್‌ಗಳ ನಡುವಿನ ಬಿಡುವು, ಸೆಕೆಂಡಿನಲ್ಲಿ) 0.001 ಕೊಟ್ಟಿದ್ದೇನೆ. ವೈರ್‌ಶಾರ್ಕ್‌ನಲ್ಲಿ (ಓಡಾಡುವ ಪ್ಯಾಕೆಟ್ ಹಿಡಿದು ತೋರಿಸುವ ಪ್ರೋಗ್ರಾಂ) ನೋಡಿದರೆ ಅರ್ಧವೂ ಬರುತ್ತಿಲ್ಲ. ಪೈಥಾನ್ ಬಿಟ್ಟು ಸಿ ಹಿಡಿಯಬೇಕಾ?
– ಎಂ.ಟೆಕ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಸಿ ಸದ್ಯಕ್ಕೆ ಹಾಗೇ ಇರಲಿ. ಮೊದಲು ಆ ಸೆಂಡ್ ಅನ್ನು ಲೂಪ್‌ನಿಂದ ಆಚೆ ಹಾಕಿ. ಅದನ್ನು ಕರೆದಾಗಲೆಲ್ಲ ಸ್ಕೇಪಿ ಹೊಸ ಸಾಕೆಟ್ (ನೆಟ್‌ವರ್ಕಿಗೆ ಕಳಿಸುವ ಬಾಗಿಲು) ತೆರೆಯುತ್ತದೆ, ಉದ್ದ, ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿಲ್ಲವೆಂದು ನೋಡುವ ತಾಳೆ ಸಂಖ್ಯೆ) ಎಲ್ಲ ಲೆಕ್ಕ ಹಾಕುತ್ತದೆ, ಕಳಿಸುತ್ತದೆ, ಸಾಕೆಟ್ ಮುಚ್ಚುತ್ತದೆ. ಒಂದೊಂದು ಕಾಗದಕ್ಕೂ ಅಂಚೆ ಕಚೇರಿ ಕಟ್ಟಿ ಕೆಡವಿದ ಹಾಗೆ!

ಇನ್ನು ಇಂಟರ್. ಅದರೊಳಗೆ ಇರುವುದು ಸುಮ್ನೆ ಒಂದು ಸ್ಲೀಪ್. ಪ್ಯಾಕೆಟ್ ತಯಾರಿಗೆ 1 ಮಿಲಿಸೆಕೆಂಡ್ ಹಿಡಿಯಿತು ಅಂದುಕೊಳ್ಳಿ, ಮಲಗಲು ಇನ್ನೊಂದು. ಅಲ್ಲಿಗೆ ನಿಮ್ಮ 1,000 ಹೋಗಿ 500 ಆಯಿತು. ಮೇಲಾಗಿ ಲಿನಕ್ಸ್ ಹೇಳಿದ ಹೊತ್ತಿಗೇ ಎಬ್ಬಿಸುವುದಿಲ್ಲ. ಸಾಮಾನ್ಯ ಪ್ರೋಗ್ರಾಂ ಆದರೆ 50 ಮೈಕ್ರೊಸೆಕೆಂಡ್ ತಡವಾದರೂ ನಡೆಯುತ್ತದೆ ಅನ್ನುವುದು ಅದರ ಲೆಕ್ಕ.

ಪ್ಯಾಕೆಟ್ಟನ್ನು ಈಥರ್ನೆಟ್ ಹೆಡರ್ ಸಮೇತ ಒಮ್ಮೆ ಕಟ್ಟಿ, ಬೈಟ್ಸ್ ಮಾಡಿ ಇಟ್ಟುಕೊಳ್ಳಿ. ಒಂದೇ ಒಂದು ಎಲ್2 (ಈಥರ್ನೆಟ್ ಮಟ್ಟದ) ಸಾಕೆಟ್ ತೆರೆಯಿರಿ, ಲೂಪ್‌ನಲ್ಲಿ ಅದರ ಮೂಲಕವೇ ಕಳಿಸಿ. ಶುರು ಮಾಡಿದ ಹೊತ್ತನ್ನು ಪೈಥಾನಿನ ನಿಖರ ಗಡಿಯಾರವಾದ ಪರ್ಫ್ ಕೌಂಟರ್‌ನಿಂದ ಬರೆದಿಟ್ಟುಕೊಳ್ಳಿ. 500ನೇ ಪ್ಯಾಕೆಟ್ ಅಲ್ಲಿಂದ ಅರ್ಧ ಸೆಕೆಂಡಿಗೆ ಹೊರಡಬೇಕು, ಅಲ್ವಾ? ಎಷ್ಟು ಬಾಕಿ ಇದೆಯೋ ಅಷ್ಟೇ ಮಲಗಿಸಿ. ಆಗಲೇ ತಡವಾಗಿದ್ದರೆ ಮಲಗಿಸಲೇಬೇಡಿ. ಹೀಗೆ ಮಾಡಿದರೆ ಸಣ್ಣ ತಡಗಳು ಸೇರಿ ಸೇರಿ ದೊಡ್ಡದಾಗುವುದಿಲ್ಲ.

ಮುಂದೆ 1 ಗಿಗಾಬಿಟ್ ಲಿಂಕನ್ನು 64 ಬೈಟಿನ ಫ್ರೇಮ್‌ಗಳಿಂದ ತುಂಬಿಸುವ ಆಸೆ ಬಂದರೆ, ಸೆಕೆಂಡಿಗೆ ಸುಮಾರು 14.88 ಲಕ್ಷ ಬೇಕು. ಒಂದಕ್ಕೆ ಸಿಗುವುದು 672 ನ್ಯಾನೊಸೆಕೆಂಡ್. ಪೈಥಾನ್ ಲೂಪ್ ಕೈಲಿ ಆಗದ ಮಾತು. ಆಗ ಸ್ಕೇಪಿಯದೇ ಸೆಂಡ್‌ಪಿಫಾಸ್ಟ್ ಬಳಸಿ. ಅದು ಪ್ಯಾಕೆಟ್‌ಗಳನ್ನು ಪಿಕ್ಯಾಪ್ ಫೈಲಿಗೆ (ಪ್ಯಾಕೆಟ್ ಉಳಿಸಿಡುವ ಫೈಲ್) ಬರೆದು, ಅದನ್ನು ವೇಗವಾಗಿ ಕಳಿಸುವ ಟಿಸಿಪಿರಿಪ್ಲೇ ಪ್ರೋಗ್ರಾಂಗೆ ಒಪ್ಪಿಸುತ್ತದೆ. ಟಿಸಿಪಿರಿಪ್ಲೇ ಬೇರೆಯಾಗಿ ಹಾಕಿಕೊಂಡಿರಬೇಕು. ಪಿಪಿಎಸ್ (ಸೆಕೆಂಡಿಗೆ ಎಷ್ಟು ಪ್ಯಾಕೆಟ್) ಅಥವಾ ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಕೊಡಲು ಮಾತ್ರ ಮರೆಯಬೇಡಿ. ವೇಗ ಹೇಳದೆ ಬಿಟ್ಟರೆ ಆದಷ್ಟು ಜೋರಾಗಿ ಸುರಿಯುತ್ತದೆ. ನಿಮ್ಮ ಸ್ವಿಚ್ಚಿನ ಇನ್ನೊಂದು ಕೇಬಲ್ ಕಾಲೇಜಿನ ನೆಟ್‌ವರ್ಕಿಗೆ ಹೋಗಿಲ್ಲ ತಾನೇ? ಎದ್ದು ಹೋಗಿ ನೋಡಿ ಬನ್ನಿ.

ಪ್ರಶ್ನೆ: ಸೆರೆಹಿಡಿದ ಯುಡಿಪಿ ಪ್ಯಾಕೆಟ್ಟಿನಲ್ಲಿ ಐಪಿ ವಿಳಾಸ ಬದಲಿಸಿ ಕಳಿಸಿದರೆ ವೈರ್‌ಶಾರ್ಕ್‌ಗೆ ಕಾಣುತ್ತದೆ, ಸರ್ವರ್ ಪ್ರೋಗ್ರಾಂಗೆ ಬರುವುದೇ ಇಲ್ಲ. ಯಾಕೆ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಹಳೆಯ ಚೆಕ್‌ಸಮ್ ಹಾಗೇ ಉಳಿದಿರಬೇಕು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅಂಥದ್ದನ್ನು ಸದ್ದಿಲ್ಲದೆ ಎಸೆಯುತ್ತದೆ. ವೈರ್‌ಶಾರ್ಕ್ ನಾವು ಆನ್ ಮಾಡದ ಹೊರತು ಚೆಕ್‌ಸಮ್ ಪರೀಕ್ಷಿಸುವುದಿಲ್ಲ, ಹಾಗಾಗಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಐಪಿ ಮತ್ತು ಯುಡಿಪಿ ಎರಡರ ಚೆಕ್‌ಸಮ್ ಫೀಲ್ಡನ್ನೂ ಡೆಲ್ ಮಾಡಿ, ಆಮೇಲೆ ಕಳಿಸಿ. ಸ್ಕೇಪಿ ಹೊಸದಾಗಿ ಲೆಕ್ಕ ಹಾಕಿ ತುಂಬುತ್ತದೆ. ಐಪಿಯದೊಂದನ್ನೇ ಅಳಿಸಿದರೆ ಸಾಲದು. ಯುಡಿಪಿ ಲೆಕ್ಕದಲ್ಲೂ ಐಪಿ ವಿಳಾಸ ಸೇರಿರುತ್ತದೆ.