ಓದುಗರ ಪ್ರಶ್ನೆ: ಚಿತ್ರದ ಮುಂದೆ ನಿಂತು ಏನು ಮಾತಾಡಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ಬಿವಿಎ (ದೃಶ್ಯಕಲಾ ಪದವಿ) ಮುಗಿಸಿದ್ದೇನೆ. ನಮ್ಮೂರಿನ ಹತ್ತಿರ ಊರವರೇ ಸೇರಿ ನಡೆಸುವ ಒಂದು ಚಿಕ್ಕ ಆರ್ಟ್ ಗ್ಯಾಲರಿ ಇದೆ. ಅಲ್ಲಿ ಎಜುಕೇಟರ್ ಕೆಲಸಕ್ಕೆ ಕರೆದಿದ್ದಾರೆ. ಬಂದವರಿಗೆ ಚಿತ್ರಗಳ ಬಗ್ಗೆ ತಿಳಿಸಿಕೊಡಬೇಕಂತೆ. ಅಪ್ಪ ಮಾತ್ರ ಬಿ.ಇಡಿ ಮಾಡು, ಇಲ್ಲಾಂದ್ರೆ ಬೆಂಗಳೂರಿಗೆ ಹೋಗಿ ಡಿಸೈನ್ ಕೆಲಸ ಹಿಡಿ ಅನ್ನುತ್ತಾರೆ. ನೀವು ಸಾಗರದ ಕಡೆ ಇದೇ ಕೆಲಸ ಮಾಡುತ್ತೀರಿ ಅಂತ ಗೊತ್ತಾಯಿತು. ಈ ಕೆಲಸ ಹೇಗಿರುತ್ತದೆ? ಸೇರಲಾ, ಬೇಡವಾ?
– ಓದುಗಿ, ಹರಿಹರ

ಉತ್ತರ: ಮೊದಲು ಅಪ್ಪನ ಮಾತಿಗೆ ಬರುತ್ತೇನೆ, ಯಾಕೆಂದರೆ ಅವರ ಚಿಂತೆ ಸುಳ್ಳಲ್ಲ. ಚಿಕ್ಕ ಗ್ಯಾಲರಿಗಳಲ್ಲಿ ಸಂಬಳ ಕಡಿಮೆ. ಭಾನುವಾರ, ಹಬ್ಬದ ರಜೆಯಲ್ಲೇ ಜನ ಜಾಸ್ತಿ ಬರುವುದರಿಂದ ನಿಮಗೆ ರಜೆ ವಾರದ ನಡುವೆ. ಸೇರುವ ಮುಂಚೆ ಸಂಬಳ, ರಜೆ, ಬಣ್ಣ-ಕಾಗದದ ಖರ್ಚು ಯಾರದ್ದು, ಎಲ್ಲವನ್ನೂ ಬರೆದುಕೊಡಲು ಕೇಳಿ. ಸಂಜೆ ಮನೆಯಲ್ಲಿ ಡ್ರಾಯಿಂಗ್ ಕ್ಲಾಸ್ ಮಾಡಲು ಅವರ ಅಡ್ಡಿ ಇಲ್ಲವೇ ಅಂತಲೂ ಕೇಳಿಬಿಡಿ. ಬಿ.ಇಡಿ ಮುಂದೆ ಯಾವಾಗ ಬೇಕಾದರೂ ಮಾಡಬಹುದು. ಇಷ್ಟಾದ ಮೇಲೆ ನನ್ನ ಅಭಿಪ್ರಾಯ: ಸೇರಿ.

ಇನ್ನು ಕೆಲಸ. ಚಿತ್ರದ ಪಕ್ಕ ನಿಂತು ಪಾಠ ಒಪ್ಪಿಸುವುದು ಇದಲ್ಲ. ಬಂದವರು ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡುವ ಹಾಗೆ ಮಾಡುವುದು. ಅದಕ್ಕೆ ಕಡಿಮೆ ಮಾತಾಡಬೇಕು. ಕಾಲೇಜಿನಿಂದ ಆಗ ತಾನೇ ಹೊರಬಂದವರಿಗೆ ಇದೇ ಬಲು ಕಷ್ಟ, ತಲೆ ತುಂಬ ವಿಷಯ ಇರುತ್ತದಲ್ವಾ!

ನಾನು ದಿನಾ ಬಳಸುವ ಮೂರು ಪ್ರಶ್ನೆಗಳಿವೆ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಯಾವುದನ್ನು ನೋಡಿ ಹಾಗೆ ಹೇಳುತ್ತಿದ್ದೀಯ? ಇನ್ನೂ ಏನೇನು ಕಾಣುತ್ತದೆ? ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್, ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸನ್ ಜೊತೆ ಸೇರಿ ರೂಪಿಸಿದ ಕ್ರಮ ಇದು. ಎರಡನೇ ಪ್ರಶ್ನೆಯೇ ಇದರ ಜೀವ. ‘ಈ ಅಜ್ಜಿಗೆ ಬೇಜಾರಾಗಿದೆ’ ಅಂದ ಹುಡುಗ, ಕಾರಣ ಕೇಳಿದ ಕೂಡಲೇ ಮತ್ತೆ ಚಿತ್ರದ ಕಡೆ ತಿರುಗುತ್ತಾನೆ. ಬಗ್ಗಿದ ಬೆನ್ನು ಆಗ ಅವನ ಕಣ್ಣಿಗೆ ಬೀಳುತ್ತದೆ. ಈ ಕ್ರಮವನ್ನು ಅಕ್ಷರಶಃ ಪಾಲಿಸುವವರು ಕಲಾವಿದರ ಹೆಸರು, ಕಾಲ ಯಾವುದನ್ನೂ ತಾವಾಗಿ ಹೇಳುವುದಿಲ್ಲ. ಅದನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಚೆನ್ನಾಗಿ ನೋಡಿ ಮುಗಿಸಿದ ಮೇಲೆ ಯಾರು ಬರೆದದ್ದು, ಯಾವುದರಿಂದ ಬರೆದದ್ದು ಅಂತ ಹೇಳಲೇಬೇಕು. ಬಸ್ ಹಿಡಿದು ಬಂದವರನ್ನು ಸುಮ್ನೆ ಪ್ರಶ್ನೆ ಕೇಳಿ ವಾಪಸ್ ಕಳಿಸುವುದು ಸರಿಯಲ್ಲ.

ನಿಮ್ಮದು ಊರವರ ಗ್ಯಾಲರಿ ಅಂದಿರಿ. ಹಾಗಾದರೆ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಬಾಗಿಲಲ್ಲೇ ನಿಂತಿರಬಹುದು. ನಮ್ಮಲ್ಲಿ ಒಂದು ಹಸೆ ಚಿತ್ತಾರ ಇದೆ. ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹೆಂಗಸರು ಬರೆಯುವ ಚಿತ್ರ. ಕೆಮ್ಮಣ್ಣು ಸಾರಿಸಿದ ಹಿನ್ನೆಲೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆಗಳು. ಕಪ್ಪಿಗೆ ಸುಟ್ಟ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ಒಮ್ಮೆ ಒಂದು ಸರ್ಕಾರಿ ಶಾಲೆಯ ಮಕ್ಕಳ ಜೊತೆ ಒಬ್ಬ ಹುಡುಗಿಯ ಅಜ್ಜಿಯೂ ಬಂದಿದ್ದರು. ಮಕ್ಕಳು ‘ಇದು ಏಣಿ’, ‘ಅಲ್ಲ, ಕಿಟಕಿ’ ಅಂತ ಕಿತ್ತಾಡುತ್ತಿದ್ದಾಗ ಅಜ್ಜಿ ಹಿಂದೆ ನಿಂತು ಬೆರಳಿನಿಂದ ಗಾಳಿಯಲ್ಲೇ ಎಳೆ ಎಳೆಯುತ್ತಿದ್ದರು. ನಾನು ಮಾತು ನಿಲ್ಲಿಸಿ, ಒಂದು ಕುರ್ಚಿ ತಂದು ಹಾಕಿ, ‘ಅಜ್ಜೀ, ನೀವು ಹೇಳಿ’ ಅಂದೆ. ಅಜ್ಜಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಪುಂಡಿ ನಾರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಸೀಳಿ, ಹಿಟ್ಟಿನ ನೀರಿಗೆ ಅದ್ದಿ, ಕೈ ಎತ್ತದೆ ಉದ್ದಕ್ಕೆ ಒಂದು ಎಳೆ ಎಳೆದರು. ಹಸಿಯಿದ್ದಾಗ ಎಳೆ ಮಂಕಾಗಿತ್ತು. ಒಣಗುತ್ತಾ ಒಣಗುತ್ತಾ ಬೆಳ್ಳಗೆ ಎದ್ದು ಬಂತು. ಮಕ್ಕಳೆಲ್ಲ ಮಂಡಿಯೂರಿ ಅದನ್ನೇ ನೋಡುತ್ತಿದ್ದರು. ಆ ಹುಡುಗಿಯಂತೂ ಅಜ್ಜಿಯ ಪಕ್ಕದಿಂದ ಏಳಲೇ ಇಲ್ಲ.

ಈಗ ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ನಾವು ಭೂಮಣ್ಣಿ ಬುಟ್ಟಿ ಬರೆಯುವ ದಿನ ಇಟ್ಟುಕೊಳ್ಳುತ್ತೇವೆ. ಆ ಹಬ್ಬದ ದಿನ ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಗೆ ಬೀರುವ ಎಡೆ, ಒಯ್ಯುವ ಬುಟ್ಟಿ ಅದು. ಕಲಿಸಲು ಬರುವವರು ಊರಿನ ಹೆಂಗಸರೇ. ಅವರಿಗೂ ಗೌರವಧನ ಕೊಡಬೇಕು ಅಂತ ನಾನು ಪಟ್ಟು ಹಿಡಿದಿದ್ದೇನೆ. ಕಾಲೇಜಿನಿಂದ ಬಂದವರಿಗೆ ಕವರ್, ಅಜ್ಜಿಗೆ ಬರೀ ಶಾಲು, ಇದು ನನಗೆ ಆಗಿಬರುವುದಿಲ್ಲ. ನೀವೂ ಬಜೆಟ್ ಮಾಡುವಾಗ ಈ ಸಾಲು ಸೇರಿಸಿ.

ಸೇರುವ ಮುಂಚೆ ಬೆಂಗಳೂರಿಗೆ ಹೋಗಿ ಬನ್ನಿ. ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ, ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ಎನ್‌ಜಿಎಂಎ (ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್) ಇದೆ. ಚಿತ್ರ ನೋಡಿದ ಮೇಲೆ ಒಂದು ಮೂಲೆಯಲ್ಲಿ ಕೂತು ಜನರನ್ನು ನೋಡಿ. ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ, ಲೇಬಲ್ ಓದಿ ಮತ್ತೆ ಚಿತ್ರ ನೋಡುತ್ತಾರಾ ಇಲ್ಲವಾ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಪ್ರಶ್ನೆ: ನಾನು ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಪ್ರವಾಸದಲ್ಲಿ ಮಕ್ಕಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿಗೆ ಕರೆದುಕೊಂಡು ಹೋಗುತ್ತೇನೆ. ಒಳಗೆ ಬಿಟ್ಟರೆ ಓಡಿಕೊಂಡೇ ಹೊರಗೆ ಬಂದುಬಿಡುತ್ತಾರೆ. ಏನು ಮಾಡಲಿ?
– ಓದುಗರು, ಕೆ.ಆರ್. ಪೇಟೆ

ಉತ್ತರ: ಎಲ್ಲವನ್ನೂ ತೋರಿಸುವ ಆಸೆ ಬಿಡಿ ಮೇಷ್ಟ್ರೇ. ದೀಪ ಹಿಡಿದ ಹೆಂಗಸಿನ ಚಿತ್ರ ಒಂದಕ್ಕೆ ಸಮಯ ಕೊಡಿ, ಸಾಕು. ‘ಇದು ರವಿವರ್ಮನದು ಸಾರ್’ ಅಂತ ಯಾರಾದರೂ ಹೇಳೇ ಹೇಳುತ್ತಾರೆ, ದೊಡ್ಡವರೂ ಹಾಗೇ ಅಂದುಕೊಂಡಿದ್ದಾರೆ. ‘ತಪ್ಪು’ ಅಂತ ಬಾಯಿ ಮುಚ್ಚಿಸಬೇಡಿ. ಬೆಳಕು ಎಲ್ಲೆಲ್ಲಿ ಬಿದ್ದಿದೆ ಹುಡುಕಿ ಅನ್ನಿ. ಮುಖದ ಮೇಲೆ, ಸೀರೆಯ ಮೇಲೆ, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಕೆಂಪಗೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾ ಹೋಗುತ್ತಾರೆ. ಆಮೇಲೆ ಹೇಳಿ: ಬರೆದವರು ಸಾವಂತವಾಡಿ ಕಡೆಯ ಎಸ್.ಎಲ್. ಹಲದಣಕರ್, ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಇದು ಎಣ್ಣೆ ಬಣ್ಣವಲ್ಲ, ವಾಟರ್ ಕಲರ್. ನಿಮ್ಮ ಕ್ಲಾಸಿನ ಮಕ್ಕಳಿಗೆ ವಾಟರ್ ಕಲರಿನ ಕಷ್ಟ ಗೊತ್ತೇ ಇರುತ್ತದೆ. ಒಮ್ಮೆ ಕಪ್ಪಾದ ಜಾಗವನ್ನು ಮತ್ತೆ ಬೆಳ್ಳಗೆ ಮಾಡುವುದು ಸುಲಭವಲ್ಲ, ಬೆಳಕು ಬೇಕಾದ ಕಡೆ ಕಾಗದವನ್ನು ಮೊದಲೇ ಉಳಿಸಿಕೊಂಡು ಬರಬೇಕು. ಇದು ತಿಳಿದ ಮೇಲೆ ಅವರು ಎರಡನೇ ಸಲ ನೋಡುವ ರೀತಿಯೇ ಬೇರೆ.

ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಡಬೇಡಿ, ಹಿಂದಿನ ಸಾಲಿಗೆ ಏನೂ ಕಾಣುವುದಿಲ್ಲ. ಎರಡು ಗುಂಪು ಮಾಡಿ, ಒಂದು ಗುಂಪು ಹೊರಗೆ ಅರಮನೆಯ ಮುಂಭಾಗವನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿರಲಿ. ಬಸ್ ಬುಕ್ ಮಾಡುವ ಮುಂಚೆ ಒಂದು ಫೋನ್ ಮಾಡಿ, ಆ ದಿನ ತೆರೆದಿದೆಯೇ, ಯಾವ ಯಾವ ಕೋಣೆ ನೋಡಲು ಬಿಡುತ್ತಾರೆ ಅಂತ ಕೇಳಿಕೊಳ್ಳಿ.